ದಿನಸಿ ಚೀಟಿ ತಗೊಂಡು ಬನ್ನಿ ಅಂದರು

ಕಳೆದ ಶನಿವಾರ ನನ್ನ ಶುಗರ್, ರಕ್ತದ ಟೆಸ್ಟ್‌ಗಳ ಎರಡನೇ ಸುತ್ತಿನ ರಿಪೋರ್ಟ್ ಕೈಗೆ ಬಂತು. ಜನವರಿಯಲ್ಲಿ ಶುರುವಾದ ಓಡಾಟ ಇದು. ನಡುವೆ ಎರಡು ಲ್ಯಾಬ್, ಇಬ್ಬರು ಡಯಟಿಷಿಯನ್, ಒಂದು ತಕ್ಕಡಿ, ಅತ್ತೆಯ ಜೊತೆ ಲೆಕ್ಕವಿಲ್ಲದಷ್ಟು ವಾದ. ಮರೆಯುವ ಮೊದಲೇ ಬರೆದುಬಿಡೋಣ ಅಂತ ಕೂತಿದ್ದೇನೆ. ನಾನು ಡಾಕ್ಟರ್ ಅಲ್ಲ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ವಯಸ್ಸು 43, ಮನೆ ವಿಜಯನಗರದಲ್ಲಿ. ಮನೆಯಲ್ಲಿ ನಾಲ್ಕು ಜನ: ನಾನು, ನಮ್ಮನೆಯವರು, ಪಿಯುಸಿ ಓದುವ ಮಗ, ನಾಗಮಂಗಲ ಕಡೆಯ ಅತ್ತೆ.

ನನಗೊಂದು ಜಂಬ ಇತ್ತು. ಸ್ಟಾಫ್ ರೂಮಿನಲ್ಲಿ ಯಾರಾದರೂ ಮೊಬೈಲಿನಲ್ಲಿ ಊಟ ತರಿಸಿಕೊಂಡರೆ, ನಾನು ಡಬ್ಬಿ ಬಿಚ್ಚುತ್ತಾ "ನಮ್ಮನೇಲಿ ಎಲ್ಲಾ ಮನೆ ಅಡುಗೇನೇಪ್ಪಾ" ಅಂತ ಬೇಕೆಂದೇ ಸ್ವಲ್ಪ ಜೋರಾಗಿ ಹೇಳುತ್ತಿದ್ದೆ. ಅನ್ನ, ಸಾರು, ಪಲ್ಯ, ಮೊಸರು. ಇದರಲ್ಲಿ ಏನು ಕೆಡುಕಿದೆ, ಅಲ್ವಾ?

ಜನವರಿಯಲ್ಲಿ ಶಾಲೆಯಲ್ಲೇ ಆರೋಗ್ಯ ತಪಾಸಣೆ ಶಿಬಿರ ಇಟ್ಟಿದ್ದರು. ಬೆರಳು ಚುಚ್ಚಿ ನೋಡಿದ ನರ್ಸ್ "168 ಇದೆ ಮೇಡಂ, ಡಾಕ್ಟ್ರಿಗೆ ತೋರಿಸಿ" ಅಂದರು. ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು ತಿಂದಿದ್ದೆ, ಎರಡು ಸಲ ಹಾಕಿಸಿಕೊಂಡು. ಅವರೆಕಾಯಿ ಕಾಲದಲ್ಲಿ ಒಂದು ಸಲಕ್ಕೆ ಯಾರು ನಿಲ್ಲಿಸುತ್ತಾರೆ? ಅದಕ್ಕೇ ಏರಿರಬೇಕು ಅಂದುಕೊಂಡೆ. ಮೂರು ವಾರ ಸುಮ್ಮನಿದ್ದೆ. ನೀವು ಹಾಗೆ ಮಾಡಬೇಡಿ. ಇನ್ನೊಂದು ಮಾತು. ಬರೀ ಬಿಪಿ, ಶುಗರ್ ನೋಡಿಸುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ನಲ್ಲಿ ಉಚಿತವಾಗಿ ನೋಡುತ್ತಾರೆ. ನನಗೆ ಇದು ಆಮೇಲೆ ಗೊತ್ತಾಯಿತು.

ಫೆಬ್ರವರಿ ಮೊದಲ ವಾರ ಡಾಕ್ಟರ ಹತ್ತಿರ ಹೋದೆ. ಫೀಸು 500. ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ರಕ್ತದ ಎಣಿಕೆ ಬರೆದುಕೊಟ್ಟರು. ಲ್ಯಾಬಿನಲ್ಲಿ 1,450 ರೂಪಾಯಿ ಆಯಿತು. ರಿಪೋರ್ಟ್ ಸಂಜೆ ಕೊಡುತ್ತೇವೆ ಅಂದವರು ಮರುದಿನ ರಾತ್ರಿ ಒಂಬತ್ತಕ್ಕೆ ಮೊಬೈಲಿಗೆ ಕಳಿಸಿದರು. ಒಲೆ ಮೇಲೆ ಹಾಲು ಇಟ್ಟು ತೆರೆದೆ. ಖಾಲಿ ಹೊಟ್ಟೆಯಲ್ಲಿ 109. ಎಚ್‌ಬಿಎ1ಸಿ 6.4. ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 212. ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ಗೊತ್ತಿಲ್ಲದವರಿಗೆ: ಎಚ್‌ಬಿಎ1ಸಿ ಅಂದರೆ ಸುಮಾರು ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್. 5.7ರ ಒಳಗಿದ್ದರೆ ಸರಿ, 5.7ರಿಂದ 6.4 ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಕಾಯಿಲೆ. ಖಾಲಿ ಹೊಟ್ಟೆಯ ಶುಗರ್ 100ರ ಒಳಗಿರಬೇಕು, 126 ಮುಟ್ಟಿದರೆ ಕಾಯಿಲೆ. ನಾನು ಹೊಸ್ತಿಲ ತುದಿಯಲ್ಲಿ ನಿಂತಿದ್ದೆ.

ಆದರೆ ಡಾಕ್ಟರು ಮೊದಲು ನೋಡಿದ್ದು ಶುಗರ್ ಅಲ್ಲ, ಹಿಮೋಗ್ಲೋಬಿನ್. 10.1 ಇತ್ತು. ಹೆಂಗಸರಿಗೆ 12 ಆದರೂ ಇರಬೇಕು. "ಕಬ್ಬಿಣದ ಅಂಶ ಕಡಿಮೆ ಇದ್ದರೆ ಈ 6.4 ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಇದೊಂದನ್ನೇ ನಂಬುವ ಹಾಗಿಲ್ಲ" ಅಂದರು. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಟೆಸ್ಟ್ ಮತ್ತು ಓಜಿಟಿಟಿ ಅನ್ನುವ ಶುಗರ್ ಟೆಸ್ಟ್ ಮಾಡಿಸಿ ಬನ್ನಿ ಅಂತ ಚೀಟಿ ಕೊಟ್ಟರು. ರಕ್ತ ಕಡಿಮೆ ಇರುವ ಹೆಂಗಸರು ನಮ್ಮಲ್ಲಿ ಎಷ್ಟು ಜನ ಇಲ್ಲ! ಹಾಗಾಗಿ ಎಚ್‌ಬಿಎ1ಸಿ ನೋಡಿ ಹೆದರುವ ಮುಂಚೆ ಪಕ್ಕದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ನೋಡಿಕೊಳ್ಳಿ.

ಇಲ್ಲಿ ನನ್ನ ದುಡ್ಡು ದಂಡವಾದ ಕಥೆ ಇದೆ. ಮನೆ ಹತ್ತಿರದ ಇನ್ನೊಂದು ಲ್ಯಾಬಿಗೆ ಹೋದೆ. ರಕ್ತ ತೆಗೆದುಕೊಂಡ ಹುಡುಗ "ತಿಂಡಿ ತಿಂದು ಎರಡು ಗಂಟೆಗೆ ಬನ್ನಿ ಮೇಡಂ" ಅಂದ. ನಾನು ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ಮನೆಗೆ ಬಂದು ಎರಡು ದೋಸೆ ತಿಂದು ಗಡಿಯಾರ ನೋಡಿಕೊಂಡು ವಾಪಸ್ ಹೋದೆ. ರಿಪೋರ್ಟ್ ತೋರಿಸಿದರೆ ಡಾಕ್ಟರು ತಲೆ ಅಲ್ಲಾಡಿಸಿದರು. ಅದು ಊಟದ ನಂತರದ ಶುಗರ್, ಓಜಿಟಿಟಿ ಅಲ್ಲ. ಓಜಿಟಿಟಿ ಅಂದರೆ ರಾತ್ರಿಯೆಲ್ಲಾ ಉಪವಾಸ ಇದ್ದು, 75 ಗ್ರಾಂ ಗ್ಲೂಕೋಸ್ ಪುಡಿ ಕರಗಿಸಿದ ನೀರನ್ನು ಐದು ನಿಮಿಷದೊಳಗೆ ಕುಡಿದು, ಎರಡು ಗಂಟೆ ಅಲ್ಲೇ ಕೂತು ಮತ್ತೆ ರಕ್ತ ಕೊಡುವುದು. ನಡುವೆ ಓಡಾಡುವ ಹಾಗಿಲ್ಲ, ಕಾಫಿ ಇಲ್ಲ. ಅದಕ್ಕೆ ಮೂರು ದಿನ ಮುಂಚಿನಿಂದ ಅನ್ನ ಬಿಟ್ಟು ಪಥ್ಯ ಮಾಡಲೂಬಾರದು, ಯಾವಾಗಿನ ಹಾಗೆ ತಿನ್ನಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಚೀಟಿಯಲ್ಲಿ ಸರಿಯಾಗೇ ಬರೆದಿತ್ತು. ಆ ಹುಡುಗ ಓದಲಿಲ್ಲ, ನಾನೂ ಕೇಳಲಿಲ್ಲ. ಇನ್ನೊಂದು ಸಲ 350 ಕೊಟ್ಟು, ಇನ್ನೊಂದು ಬೆಳಿಗ್ಗೆ ರಜೆ ಹಾಕಿ ಹೋದೆ. ಆ ಗ್ಲೂಕೋಸ್ ನೀರು ಕರಗಿದ ಮಿಠಾಯಿ ಇದ್ದ ಹಾಗಿರುತ್ತದೆ, ಅರ್ಧಕ್ಕೇ ವಾಕರಿಕೆ ಬಂತು. ವಾಂತಿಯಾದರೆ ಟೆಸ್ಟ್ ಮತ್ತೆ ಮೊದಲಿಂದ ಅಂತ ನರ್ಸ್ ಹೆದರಿಸಿದ್ದಕ್ಕೆ ಗಟ್ಟಿಯಾಗಿ ಕಣ್ಣು ಮುಚ್ಚಿ ಕೂತಿದ್ದೆ.

ಎರಡು ಗಂಟೆಯ ನಂತರ 158. ಇದು 140ರ ಒಳಗಿರಬೇಕಿತ್ತು. ಫೆರಿಟಿನ್ 8. ಅಂದರೆ ಎರಡೂ ನಿಜ: ಶುಗರ್ ಹೊಸ್ತಿಲಲ್ಲೇ ಇದೆ, ಮೈಯಲ್ಲಿ ಕಬ್ಬಿಣವೂ ಇಲ್ಲ. ಶುಗರ್‌ಗೆ ಈಗಲೇ ಮಾತ್ರೆ ಬೇಡ, ಊಟ ಸರಿ ಮಾಡಿ, ದಿನಾ ನಡೆಯಿರಿ, ಮೂರು ತಿಂಗಳು ಬಿಟ್ಟು ನೋಡೋಣ ಅಂದರು ಡಾಕ್ಟರು. ಕಬ್ಬಿಣದ ಮಾತ್ರೆ ಮಾತ್ರ ಕೊಟ್ಟರು.

ಊಟ ಸರಿ ಮಾಡಿ ಅಂದಾಗ ನನಗೆ ಅಳು ಬಂತು. ನಿಜವಾಗಿ. ಬೆಳಿಗ್ಗೆ ಐದಕ್ಕೆ ಎದ್ದು ನಾನೇ ಮಾಡುವ ಅಡುಗೆ ಅದು. ಅದರಲ್ಲಿ ತಪ್ಪಿದೆ ಅಂದರೆ ನನ್ನ ಮೇಲೆ ಬೆರಳು ತೋರಿಸಿದ ಹಾಗೆ ಅನ್ನಿಸಿತು.

ಮೊದಲ ಡಯಟಿಷಿಯನ್ ಹತ್ತಿರ 1,200 ರೂಪಾಯಿ ಕೊಟ್ಟು ಹದಿನೈದು ನಿಮಿಷ ಕೂತೆ. ಮುಕ್ಕಾಲು ಗಂಟೆ ಕಾದಿದ್ದೆ. ಪ್ರಿಂಟ್ ಮಾಡಿದ ಹಾಳೆ ಕೊಟ್ಟರು: ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಕಿನೋವಾ, ರಾತ್ರಿ ಬ್ರೊಕೋಲಿ ಸೂಪ್, ಅಡುಗೆಗೆ ಆಲಿವ್ ಎಣ್ಣೆ. ನಾನು ಏನು ತಿನ್ನುತ್ತೇನೆ ಅಂತ ಒಂದು ಮಾತೂ ಕೇಳಲಿಲ್ಲ. ಒಂಬತ್ತು ದಿನ ಮಾಡಿದೆ. ನನಗೊಂದು ಅಡುಗೆ, ಮನೆಯವರಿಗೊಂದು ಅಡುಗೆ. ಹತ್ತನೇ ದಿನ ಅತ್ತೆ ಮಾಡಿದ ಹುರುಳಿ ಸಾರಿನ ಘಮ ಮೂಗಿಗೆ ಬಡಿಯಿತು. ಆ ಕಿನೋವಾ ಪೊಟ್ಟಣ ಈಗಲೂ ಕಪಾಟಿನಲ್ಲಿದೆ. ಬೇಕಾದವರು ಬಂದು ತಗೊಂಡು ಹೋಗಬಹುದು.

ಡಾಕ್ಟರೇ ಇನ್ನೊಬ್ಬರ ಹೆಸರು ಹೇಳಿದರು. ಅವರ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಹನ್ನೆರಡು ದಿನದ ನಂತರ, ಫೀಸು 800. ಫೋನಿನಲ್ಲೇ ಕೇಳಿದರು, "ಬರುವಾಗ ಕಳೆದ ತಿಂಗಳ ದಿನಸಿ ಚೀಟಿ ತಗೊಂಡು ಬನ್ನಿ. ತರಕಾರಿ ವಾರಕ್ಕೆ ಎಷ್ಟು ಕೆಜಿ ತರ್ತೀರಿ ಅಂತ್ಲೂ ಬರ್ಕೊಂಡು ಬನ್ನಿ." ಬ್ಲಡ್ ರಿಪೋರ್ಟ್ ಕೇಳಬಹುದು ಅಂದುಕೊಂಡಿದ್ದವಳಿಗೆ ಆಶ್ಚರ್ಯ. ನಮ್ಮ ಅಂಗಡಿಯವರು ಇನ್ನೂ ಕೈಯಲ್ಲೇ ಬರೆದು ಕೊಡುತ್ತಾರೆ. ಅರಿಶಿನದ ಕಲೆಯ ಚೀಟಿಯನ್ನು ಅಡುಗೆಮನೆಯ ಮೊಳೆಯಿಂದ ಬಿಡಿಸಿಕೊಂಡು ಹೋದೆ.

ಅಲ್ಲಿ ಕೂತು ನಾನೇ ಲೆಕ್ಕ ಹಾಕಿದೆ. ನಾಲ್ಕು ಜನ, 30 ದಿನ, ಅಂದರೆ 120 ಪಾಲು. ಸೋನಾ ಮಸೂರಿ ಒಂದು ಮೂಟೆ, 25 ಕೆಜಿ. ದೋಸೆ ಅಕ್ಕಿ, ರವೆ, ಅವಲಕ್ಕಿ, ಗೋಧಿ ಹಿಟ್ಟು, ರಾಗಿ ಹಿಟ್ಟು ಸೇರಿ ಇನ್ನೊಂದು 15. ಒಟ್ಟು 40 ಕೆಜಿ. ಒಬ್ಬರಿಗೆ ದಿನಕ್ಕೆ 333 ಗ್ರಾಂ. ಬೇಳೆಕಾಳು ಎಲ್ಲಾ ಸೇರಿ ನಾಲ್ಕೂವರೆ ಕೆಜಿ, ಒಬ್ಬರಿಗೆ 38 ಗ್ರಾಂ ಕೂಡ ಇಲ್ಲ. ಎಣ್ಣೆ ಐದು ಲೀಟರ್ ಕ್ಯಾನ್, ಒಬ್ಬರಿಗೆ 38 ಗ್ರಾಂ. ಸಕ್ಕರೆ, ಬೆಲ್ಲ ಸೇರಿ ಐದು ಕೆಜಿ, ಒಬ್ಬರಿಗೆ ಹತ್ತಿರ ಹತ್ತಿರ 42 ಗ್ರಾಂ. ಉಪ್ಪು ಒಂದು ಕೆಜಿ, ಅಂದರೆ 8 ಗ್ರಾಂ, ಉಪ್ಪಿನಕಾಯಿ ಬಿಟ್ಟು. ತರಕಾರಿ, ಸೊಪ್ಪು ವಾರಕ್ಕೆ ನಾಲ್ಕು ಕೆಜಿ. ಒಬ್ಬರಿಗೆ 143 ಗ್ರಾಂ.

ಅವರು ಪಕ್ಕದಲ್ಲಿ ಇನ್ನೊಂದು ಹಾಳೆ ಇಟ್ಟರು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ಅದು. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಧಾನ್ಯ 250 ಗ್ರಾಂ, ಬೇಳೆಕಾಳು 85, ತರಕಾರಿ ಮತ್ತು ಸೊಪ್ಪು 400, ಎಣ್ಣೆ 27. ಸಕ್ಕರೆ 25 ಗ್ರಾಂ ದಾಟಬಾರದು, ಉಪ್ಪು 5 ಗ್ರಾಂ. ನನ್ನ ಚೀಟಿ ಪ್ರತಿಯೊಂದು ಸಾಲಿನಲ್ಲೂ ತಿರುಗಾಮುರುಗಾ ಇತ್ತು. ಜಾಸ್ತಿ ಇರಬೇಕಾದದ್ದೆಲ್ಲಾ ಕಡಿಮೆ, ಕಡಿಮೆ ಇರಬೇಕಾದದ್ದೆಲ್ಲಾ ಜಾಸ್ತಿ.

"ನಿಮ್ಮ ಅಡುಗೇಲಿ ತಪ್ಪಿಲ್ಲ ಮೇಡಂ. ಸಾರಿಗೆ ಬೇಳೆ ಕಡಿಮೆ, ಅನ್ನಕ್ಕೆ ಸಾರು ಕಡಿಮೆ, ತಟ್ಟೇಲಿ ಪಲ್ಯ ಉಪ್ಪಿನಕಾಯಿ ಥರ ಇದೆ ಅಷ್ಟೇ" ಅಂದರು. ಹೊಸ ಪದಾರ್ಥ ಒಂದೂ ಬರೆಯಲಿಲ್ಲ. ಅದೇ ಚೀಟಿಯ ಮೇಲೆ ಅಂಕಿಗಳನ್ನು ಹೊಡೆದು ಬೇರೆ ಅಂಕಿ ಬರೆದರು. ಬೇಳೆಕಾಳು 10 ಕೆಜಿ ಅಂತ ಬರೆದದ್ದು ನೋಡಿ ಇದು ಮದುವೆ ಮನೆ ಚೀಟಿ ಅನ್ನಿಸಿತು ನನಗೆ.

ಮನೆಗೆ ಬಂದು ಹೇಳಿದಾಗ ಅತ್ತೆ ಕೆಂಡ. "ನಮ್ಮವ್ವ ದಿನಕ್ಕೆ ಮೂರು ಮುದ್ದೆ ಉಣ್ತಿದ್ಲು ಕಣೇ. ತೊಂಬತ್ತು ವರ್ಷ ಬದುಕಿದ್ಲು. ಅವಳಿಗ್ಯಾವ ತಕ್ಕಡಿ ಇತ್ತು?" ಮರುಮಾತಾಡದೆ, "ಅನ್ನ ಎಷ್ಟು ಉಣ್ತಿದ್ರು ಅತ್ತೆ?" ಅಂತ ಕೇಳಿದೆ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿದರು. ಅನ್ನ ಹಬ್ಬಕ್ಕೆ, ನೆಂಟರು ಬಂದರೆ. ಎಣ್ಣೆ? ಸಂತೆಯಿಂದ ಒಂದು ಸೀಸೆ ತಂದರೆ ತಿಂಗಳು ಬರುತ್ತಿತ್ತು, ಮನೆಯಲ್ಲಿ ಒಂಬತ್ತು ಜನ. ಸಕ್ಕರೆ ಮುಖ ನೋಡಿದ್ದೇ ದೊಡ್ಡವರಾದ ಮೇಲೆ. ಸೊಪ್ಪು ಹೊಲದ ಬದುವಿನಲ್ಲೇ ಸಿಗುತ್ತಿತ್ತು, ದಿನಾ. ಹುರುಳಿ, ಅವರೆ, ಅಲಸಂದೆ ಇಲ್ಲದೆ ಸಾರೇ ಇಲ್ಲ. ಮತ್ತೆ ಬೆಳಗಿನಿಂದ ಸಂಜೆತನಕ ಗದ್ದೆ ಕೆಲಸ. ಹೇಳುತ್ತಾ ಹೇಳುತ್ತಾ ಅವರ ದನಿ ಇಳಿಯಿತು. ನಾವು ಸಾಂಪ್ರದಾಯಿಕ ಅಂತ ಮೂರು ಹೊತ್ತು ಉಣ್ಣುತ್ತಿದ್ದದ್ದು ಅವರ ಹಬ್ಬದೂಟ. ಅದೂ ಅವರ ಹಾಗೆ ಮೈ ಬಗ್ಗಿಸದೆ.

ಆವತ್ತಿನಿಂದ ಅತ್ತೆ ನನ್ನ ಕಡೆ ಬಂದರು ಅಂತೇನಿಲ್ಲ. ಸಕ್ಕರೆ ಬಿಟ್ಟು ಬೆಲ್ಲ ಹಾಕಿದರೆ ಏನೂ ಆಗುವುದಿಲ್ಲ ಅನ್ನುವ ವಾದ ಈಗಲೂ ನಡೆಯುತ್ತಿದೆ. ಕ್ಯಾಲೊರಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ, ಶುಗರ್ ಏರಿಸುವುದರಲ್ಲೂ ಅಷ್ಟೇ. ಆದರೆ ಬಸ್ಸಾರು ವಾರಕ್ಕೆ ಮೂರು ಸಲ ಆಯಿತು. ಬಸ್ಸಾರು ಎಂಥ ಬುದ್ಧಿವಂತ ಅಡುಗೆ ಅಂತ ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ ನೀರು ಬಸಿಯುತ್ತೀರಿ. ನೀರು ಸಾರಾಗುತ್ತದೆ, ಉಳಿದದ್ದು ಪಲ್ಯ. ಬೆಂದ ನೀರಿನಲ್ಲಿ ಇಳಿದ ಸತ್ವ ಚರಂಡಿಗೆ ಹೋಗುವುದಿಲ್ಲ. ಎರಡು ಚಮಚ ಎಣ್ಣೆಯಲ್ಲಿ ಎರಡು ಪದಾರ್ಥ. ಒಬ್ಬೊಬ್ಬರಿಗೆ ಒಂದು ದೊಡ್ಡ ಸೌಟು ಪಲ್ಯ ಸಿಗುವ ಹಾಗೆ ಮಾಡಿದರೆ ಅನ್ನ ತಾನಾಗೇ ಕಡಿಮೆಯಾಗುತ್ತದೆ.

350 ರೂಪಾಯಿ ಕೊಟ್ಟು ಅಡುಗೆಮನೆಗೆ ಡಿಜಿಟಲ್ ತಕ್ಕಡಿ ತಂದೆ. ಮೊದಲ ವಾರ ಎಲ್ಲವನ್ನೂ ಸುಮ್ಮನೆ ತೂಗಿ ಬರೆದೆ, ಏನೂ ಬದಲಿಸದೆ. ಇದನ್ನು ನೀವೂ ಮಾಡಿ. ಒಗ್ಗರಣೆಗೆ ನಾನು "ಸ್ವಲ್ಪ" ಅಂತ ಬಗ್ಗಿಸುತ್ತಿದ್ದ ಎಣ್ಣೆ ಮೂರು ದೊಡ್ಡ ಚಮಚ ಇತ್ತು. ಒಂದು ದೊಡ್ಡ ಚಮಚ ಅಂದರೆ ಸುಮಾರು 120 ಕ್ಯಾಲೊರಿ. ಈಗ ಎಣ್ಣೆ ಡಬ್ಬಿಯಲ್ಲೇ ಚಮಚ ಇಟ್ಟಿದ್ದೇನೆ, ಕ್ಯಾನ್ ಒಲೆಯ ಹತ್ತಿರ ಬರುವುದೇ ಇಲ್ಲ. ನಮ್ಮನೆಯ ಒಂದು ಮುದ್ದೆ 300 ಗ್ರಾಂ ತೂಗಿತು. ಅದಕ್ಕೆ ಹೋಗಿದ್ದು ಸುಮಾರು 100 ಗ್ರಾಂ ಹಿಟ್ಟು. ರಾಗಿ ಒಳ್ಳೆಯದೇ. ಸುಣ್ಣದ ಅಂಶ ಅಕ್ಕಿಗೆ ಹೋಲಿಸಿದರೆ ಎಷ್ಟೋ ಪಾಲು ಜಾಸ್ತಿ, ನಾರೂ ಇದೆ. ಹಾಗಂತ ಅದು ಗಾಳಿಯಲ್ಲ. ಹಿಟ್ಟಿನಲ್ಲಿ ಮೂರರಲ್ಲಿ ಎರಡು ಪಾಲಿಗೆ ಹತ್ತಿರ ಪಿಷ್ಟವೇ. ಶುಗರ್ ಇದ್ದರೆ ಮುದ್ದೆ ಎಷ್ಟಾದರೂ ತಿನ್ನಬಹುದು ಅನ್ನುವ ಮಾತನ್ನು ನಂಬಬೇಡಿ.

ನಂಬಿಕೆ ಬರದೆ ಗ್ಲೂಕೋಮೀಟರ್ ಕೂಡ ತಂದೆ. ಪಟ್ಟಿ ಒಂದಕ್ಕೆ 20 ರೂಪಾಯಿ ಮೇಲೆ ಬೀಳುತ್ತದೆ, ಹಾಗಾಗಿ ದಿನಾ ಚುಚ್ಚಿಕೊಳ್ಳಲಿಲ್ಲ. ಊಟವಾದ ಎರಡು ಗಂಟೆಗೆ ನನಗೆ ಬಂದದ್ದು ಹೀಗೆ. ಮೂರು ಸಲ ಅನ್ನ, ತಿಳಿಸಾರು, ಹಪ್ಪಳ: 171. ಮೊದಲು ಕೋಸಂಬರಿ, ಪಲ್ಯ ತಿಂದು ಆಮೇಲೆ ಒಂದು ಸಲ ಅನ್ನ, ಗಟ್ಟಿ ಬೇಳೆ ಸಾರು: 138. ಒಂದು ಮುದ್ದೆ, ಬಸ್ಸಾರು, ಪಲ್ಯ: 132. ನನ್ನನ್ನು ಬೀಳಿಸಿದ್ದು ರಾಗಿ ಗಂಜಿ. ಬೆಲ್ಲ ಹಾಕಿ ಬೆಳಿಗ್ಗೆ ಒಂದು ದೊಡ್ಡ ಲೋಟ ಕುಡಿದರೆ 176. ಅದೇ ರಾಗಿ! ನುಣ್ಣಗೆ ಬೇಯಿಸಿ ಕುಡಿಯುವುದಕ್ಕೂ ಗಟ್ಟಿ ಮುದ್ದೆಯನ್ನು ಕಾಳಿನ ಜೊತೆ ನುಂಗುವುದಕ್ಕೂ ಅಷ್ಟು ವ್ಯತ್ಯಾಸ. ಇವು ನನ್ನೊಬ್ಬಳ ಅಂಕಿಗಳು, ನಿಮ್ಮವು ಬೇರೆ ಇರುತ್ತವೆ.

ಸಿರಿಧಾನ್ಯದ ಬಗ್ಗೆ ಎಲ್ಲರೂ ಕೇಳುತ್ತಾರೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂದಮೇಲೆ ಅಂಗಡಿಯ ಮುಂದಿನ ಸಾಲಿಗೇ ಬಂದಿವೆ. ನವಣೆ ಬಿಸಿಬೇಳೆ ಬಾತ್ ಮಾಡಿದೆ, ಚೆನ್ನಾಗಿಯೇ ಆಯಿತು. ಮಗ ಎರಡನೇ ಸಲ ಮಾಡಿದಾಗ ತಟ್ಟೆ ತಳ್ಳಿದ. ಕ್ಯಾಲೊರಿ ಹೆಚ್ಚುಕಡಿಮೆ ಅಕ್ಕಿಯಷ್ಟೇ, ಬೆಲೆ ಎರಡರಷ್ಟು. ವಾರಕ್ಕೊಂದು ಸಲಕ್ಕೆ ನಿಲ್ಲಿಸಿದೆ.

ಕಬ್ಬಿಣದ ಮಾತ್ರೆಯ ವಿಷಯಕ್ಕೆ ಬಂದರೆ, ನನ್ನ ದೊಡ್ಡ ಶತ್ರು ಕಾಫಿ. ಊಟ ಮುಗಿದ ಕೂಡಲೇ ಅರ್ಧ ಲೋಟ ಫಿಲ್ಟರ್ ಕಾಫಿ ಹದಿನೈದು ವರ್ಷದ ಅಭ್ಯಾಸ. ಕಾಫಿ, ಟೀ ಎರಡೂ ಊಟದ ಕಬ್ಬಿಣವನ್ನು ಮೈಗೆ ಹಿಡಿಯಲು ಬಿಡುವುದಿಲ್ಲವಂತೆ. ನಿಂಬೆಹಣ್ಣು, ನೆಲ್ಲಿಕಾಯಿ ಇದ್ದರೆ ಚೆನ್ನಾಗಿ ಹಿಡಿಯುತ್ತದೆ. ಕಾಫಿಯನ್ನು ಒಂದೂವರೆ ಗಂಟೆ ಮುಂದಕ್ಕೆ ಹಾಕಿದೆ, ಕೋಸಂಬರಿಗೆ ನಿಂಬೆ ಹಿಂಡಿದೆ. ಬರೆಯುವುದು ಸುಲಭ. ಮೊದಲ ಎರಡು ವಾರ ಮೂರನೇ ಪೀರಿಯಡ್‌ನಲ್ಲಿ ತಲೆ ಸಿಡಿಯುತ್ತಿತ್ತು, ಮಕ್ಕಳ ಮೇಲೆ ಸುಮ್ಮನೆ ರೇಗಿದ್ದೇನೆ. ಮಾತ್ರೆಯಿಂದ ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ. ಮಲಬದ್ಧತೆಯೂ ಆಗುತ್ತದೆ. ಅದಕ್ಕೂ ಸೊಪ್ಪೇ ಗತಿ.

ಏಪ್ರಿಲ್, ಮೇ ರಜೆ ಇದ್ದದ್ದು ನನ್ನ ಪುಣ್ಯ. ಇಲ್ಲದಿದ್ದರೆ ದಿನಾ ಒಂದೂಕಾಲು ಕೆಜಿ ತರಕಾರಿ ಬಿಡಿಸಿ ಹೆಚ್ಚಲು ಸಮಯ ಎಲ್ಲಿಂದ ಬರಬೇಕು? ಮನೆ ಊಟ ಆರೋಗ್ಯಕರ ಅನ್ನುವವರು ಈ ಒಂದು ಗಂಟೆ ಯಾರದ್ದು ಅಂತ ಹೇಳುವುದೇ ಇಲ್ಲ. ಜೂನ್‌ನಲ್ಲಿ ಶಾಲೆ ಶುರುವಾದ ದಿನವೇ ಹೇಳಿಬಿಟ್ಟೆ: ಸೊಪ್ಪು ಬಿಡಿಸುವುದು ಮಗ, ತರಕಾರಿ ಹೆಚ್ಚುವುದು ನಮ್ಮನೆಯವರು, ರಾತ್ರಿ ಟಿವಿ ಮುಂದೆಯೇ ಆಗಲಿ. ದಂಟಿನ ಸೊಪ್ಪು ಯಾವುದು, ಹರಿವೆ ಯಾವುದು ಅಂತ ಮಗನಿಗೆ ಈಗ ಗೊತ್ತು.

ಖರ್ಚಿನ ಬಗ್ಗೆಯೂ ಹೇಳಬೇಕು. ಅಕ್ಕಿ ಮೂಟೆ ಈಗ 41 ದಿನ ಬರುತ್ತದೆ. ಎಣ್ಣೆ ಮೂರೂವರೆ ಲೀಟರಿಗೆ ಇಳಿದಿದೆ, ಸಕ್ಕರೆ ಬೆಲ್ಲ ಎರಡೂವರೆ ಕೆಜಿಗೆ. ಬೇಳೆಕಾಳು ಎಂಟೂವರೆ ಕೆಜಿಗೆ ಏರಿದೆ, 10 ಇನ್ನೂ ಮುಟ್ಟಿಲ್ಲ. ತರಕಾರಿ ವಾರಕ್ಕೆ ಒಂಬತ್ತು ಕೆಜಿ. ಒಟ್ಟಿನಲ್ಲಿ ತಿಂಗಳಿಗೆ 800ರಿಂದ 900 ರೂಪಾಯಿ ಜಾಸ್ತಿಯೇ ಆಗುತ್ತಿದೆ. ಭಾನುವಾರ ಬೆಳಿಗ್ಗೆ ಕೆ.ಆರ್. ಮಾರ್ಕೆಟ್ಟಿಗೆ ಹೋದರೆ ಸೊಪ್ಪು ಅಗ್ಗ, ಆದರೆ ಹೊತ್ತು ತರುವ ಗಂಡ ಬೇಕು. ಟೆಸ್ಟ್‌ಗಳ ಬಿಲ್ ಎಸೆಯಬೇಡಿ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರು ಮುಂಜಾಗ್ರತೆಯ ತಪಾಸಣೆಯ ಖರ್ಚನ್ನು ವರ್ಷಕ್ಕೆ 5,000 ರೂಪಾಯಿವರೆಗೆ ತೆರಿಗೆ ಲೆಕ್ಕದಲ್ಲಿ ಕಳೆದು ತೋರಿಸಬಹುದು, ನಗದು ಕೊಟ್ಟಿದ್ದರೂ ಆಗುತ್ತದೆ. ನಾನು ಮೊದಲ ಬಿಲ್ಲಿನಲ್ಲಿ ಕೊತ್ತಂಬರಿ ಬೀಜ ಕಟ್ಟಿಟ್ಟುಬಿಟ್ಟಿದ್ದೆ.

ಮೂರು ತಿಂಗಳು ಅಂದದ್ದು ಮೂರೂವರೆಯಾಗಿ, ಈ ತಿಂಗಳು ಮತ್ತೆ ಎಲ್ಲಾ ಟೆಸ್ಟ್ ಆಯಿತು. ಎಚ್‌ಬಿಎ1ಸಿ 5.9. ಖಾಲಿ ಹೊಟ್ಟೆಯಲ್ಲಿ 98. ಟ್ರೈಗ್ಲಿಸರೈಡ್ 148. ಹಿಮೋಗ್ಲೋಬಿನ್ 11.8. ತೂಕ 71ರಿಂದ 67. ನಾನು ಹಿಗ್ಗಿ ಹೀರೇಕಾಯಿ ಆಗುವಷ್ಟರಲ್ಲಿ ಡಾಕ್ಟರು ತಣ್ಣೀರು ಹಾಕಿದರು: "6.4ರಿಂದ ಇಳಿದದ್ದರಲ್ಲಿ ಕಬ್ಬಿಣ ಸರಿಹೋದದ್ದರ ಪಾಲೂ ಇದೆ. ಎಲ್ಲಾ ಬಸ್ಸಾರಿಗೆ ಕೊಡಬೇಡಿ." ಸರಿ, ಆದರೆ ಓಜಿಟಿಟಿಯಲ್ಲಿ 158 ಇದ್ದದ್ದು 131 ಆಗಿದೆ. ಅದನ್ನು ಬಸ್ಸಾರಿಗೆ ಮತ್ತೆ ರಾತ್ರಿ ಊಟದ ನಂತರದ ಇಪ್ಪತ್ತು ನಿಮಿಷದ ನಡಿಗೆಗೆ ಕೊಟ್ಟಿದ್ದೇನೆ, ಅವರೂ ಬೇಡ ಅನ್ನಲಿಲ್ಲ. ಹೊಸ್ತಿಲಿನಿಂದ ಇನ್ನೂ ಪೂರ್ತಿ ಹಿಂದೆ ಬಂದಿಲ್ಲ. ಮುಂದಿನ ಟೆಸ್ಟ್ ಆರು ತಿಂಗಳಿಗೆ.

ಮೊನ್ನೆ ಅಂಗಡಿಯವರು ಚೀಟಿ ಬರೆಯುತ್ತಾ ಪೆನ್ನು ನಿಲ್ಲಿಸಿ, "ಏನಕ್ಕಾ, ಅಕ್ಕಿ ಬೇರೆ ಅಂಗಡೀಲಿ ತಗೊಳ್ಳೋಕೆ ಶುರು ಮಾಡಿದ್ರಾ?" ಅಂತ ಕೇಳಿದರು. ಅವರಿಗೆ ನಿಜಕ್ಕೂ ಬೇಸರವಾಗಿತ್ತು. ಕಾರಣ ಹೇಳಿದ ಮೇಲೆ, ತಮ್ಮ ಮನೆಯ ಲೆಕ್ಕ ಹಾಕಿಕೊಡಿ ಅಂತ ಅದೇ ಪುಸ್ತಕದ ಹಿಂದಿನ ಹಾಳೆ ತಿರುವಿ ಕೊಟ್ಟರು.

ಈ ನಡುವೆ ನಮ್ಮನೆಯವರ ಆಫೀಸಿನ ತಪಾಸಣೆಯಲ್ಲಿ ಖಾಲಿ ಹೊಟ್ಟೆಯ ಶುಗರ್ 112 ಬಂದಿದೆ. ಮನೆಯಲ್ಲಿ ಪಲ್ಯ ತಿನ್ನುವ ಮನುಷ್ಯ ಆಫೀಸಿನಲ್ಲಿ ನಾಲ್ಕು ಸಲ ಸಕ್ಕರೆ ಟೀ ಕುಡಿಯುತ್ತಾರೆ ಅನ್ನುವುದು ಆಗ ಹೊರಗೆ ಬಿತ್ತು. ನಾಳೆ ಬೆಳಿಗ್ಗೆ ಏಳಕ್ಕೆ ಅವರ ಸರದಿ. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ "ಓಜಿಟಿಟಿ, 75 ಗ್ರಾಂ ಗ್ಲೂಕೋಸ್" ಅಂತ ಬರೆದು ಶರ್ಟಿನ ಜೇಬಿಗೆ ಸಿಕ್ಕಿಸಿದ್ದೇನೆ. ತಿಂಡಿ ತಿಂದು ಬನ್ನಿ ಅಂದರೆ ಎದ್ದು ಬರಬೇಡಿ, ನನಗೆ ಫೋನ್ ಮಾಡಿ ಅಂತ ಮೂರು ಸಲ ಹೇಳಿಯಾಗಿದೆ.